ಕಲೆ ಯಾವುದು, ಕಲ್ಲು ಯಾವುದು: ಮನೆ ಸ್ವಚ್ಛತೆಯ ರಾಸಾಯನಿಕಗಳೊಂದಿಗೆ ನನ್ನ ಅನುಭವ

ಕಲಬುರಗಿಯ ನಮ್ಮ ಮನೆಯ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದೆ. ನಲ್ಲಿಗಳಲ್ಲಿ ಬರುವುದು ಕೊಳವೆಬಾವಿಯ ಗಡಸು ನೀರು. ನಾನು ಮನೆಯನ್ನು ತೊಳೆಯುವ ಕ್ರಮ ರೂಪುಗೊಂಡಿರುವುದು ಬಹುಮಟ್ಟಿಗೆ ಈ ಎರಡು ಸಂಗತಿಗಳಿಂದ. ನಲ್ಲಿಯ ಬಾಯಿಗೂ ಬಕೆಟ್ಟಿನ ಅಂಚಿಗೂ ಕಟ್ಟಿಕೊಳ್ಳುವ ಬಿಳಿಯ ಪದರ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿಗೆ ಸೇರಿದ್ದರಿಂದ ಅದರಲ್ಲಿರುವುದೂ ಮುಖ್ಯವಾಗಿ ಅದೇ ವಸ್ತು. ಆದ್ದರಿಂದ ನಲ್ಲಿಯ ಕಲೆಯನ್ನು ಕರಗಿಸುವ ಆಮ್ಲವು ಕೆಳಗೆ ಸುರಿದರೆ ನೆಲವನ್ನೂ ಕರಗಿಸುತ್ತದೆ. ಯಾವ ಬಾಟಲಿಯನ್ನು ಕೈಗೆತ್ತಿಕೊಳ್ಳುವ ಮುನ್ನವೂ ಕಲೆ ಯಾವುದು, ಅದು ಕೂತಿರುವ ಕಲ್ಲು ಯಾವುದು ಎಂದು ಕೇಳಿಕೊಳ್ಳುವ ಅಭ್ಯಾಸ ನನಗೆ ಬಂದಿರುವುದು ಹೀಗೆ.

ಕಲ್ಲಿನ ಪರೀಕ್ಷೆ ಸುಲಭ. ಬಾಗಿಲ ಹಿಂದಿನ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಕೆಲವು ನಿಮಿಷಗಳ ಬಳಿಕ ಒರೆಸಿ ನೋಡಬೇಕು. ಹೊಳಪು ಮಾಸಿ ಮಬ್ಬು ಗುರುತು ಉಳಿದರೆ ಆ ನೆಲಕ್ಕೆ ಆಮ್ಲ ಆಗದು. ಶಹಾಬಾದ್, ಕಡಪ, ಅಮೃತಶಿಲೆ, ಅಮೃತಶಿಲೆಯ ಚೂರು ಬೆರೆಸಿದ ಮೊಸಾಯಿಕ್, ಸಿಮೆಂಟಿನ ರೆಡ್ ಆಕ್ಸೈಡ್ ಎಲ್ಲವೂ ಈ ಗುಂಪಿನವು. ಇವುಗಳಿಗೆ ಪಾತ್ರೆ ತೊಳೆಯುವ ದ್ರವವನ್ನು ಒಂದೆರಡು ಚಮಚ ಬೆರೆಸಿದ ಬಕೆಟ್ ನೀರೇ ಸಾಕು. ಗ್ರಾನೈಟ್ ಮತ್ತು ಮೆರುಗು ಕೊಟ್ಟ ಟೈಲ್ಸ್ ಆಮ್ಲವನ್ನು ಹೆಚ್ಚು ತಾಳುತ್ತವೆ, ಆದರೆ ಟೈಲ್ಸ್ ನಡುವಿನ ಸಿಮೆಂಟಿನ ಸಂದು ತಾಳುವುದಿಲ್ಲ.

ನಲ್ಲಿಯ ಬಿಳಿ ಪದರಕ್ಕೆ ನಾನು ಬಳಸುವುದು ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ಅರ್ಧ ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಕರಗಿಸಿ, ಹಳೆಯ ಬಟ್ಟೆಯೊಂದನ್ನು ಅದರಲ್ಲಿ ನೆನೆಸಿ, ನಲ್ಲಿಯ ಸುತ್ತ ಸುತ್ತಿ ಅರ್ಧ ಗಂಟೆ ಬಿಡುತ್ತೇನೆ; ಹನಿ ಕೆಳಗಿನ ಕಲ್ಲಿಗೆ ಬೀಳದಂತೆ ಒಂದು ಬೋಗುಣಿಯನ್ನು ಇಡುತ್ತೇನೆ. ಬಳಿಕ ಪದರ ಉಜ್ಜದೆಯೇ ಜಾರಿ ಬರುತ್ತದೆ. ಇದೇ ಕೆಲಸಕ್ಕೆ ಟಾಯ್ಲೆಟ್ ಆಸಿಡ್ ಹಚ್ಚುವವರಿದ್ದಾರೆ. ಅದು ಕ್ಷಣದಲ್ಲಿ ಕೆಲಸ ಮುಗಿಸುತ್ತದೆ ನಿಜ, ಜೊತೆಗೆ ಕ್ರೋಮ್ ಲೇಪನವನ್ನೂ ಮುಗಿಸುತ್ತದೆ. ಸೌಮ್ಯವಾದ ವಸ್ತುವಿಗೆ ಹೆಚ್ಚು ಸಮಯ ಕೊಡುವುದೇ ನನಗೆ ಒಗ್ಗಿದ ದಾರಿ, ಮೊಣಕೈಗೂ ಅದೇ ಹಿತ.

ಅಡುಗೆಮನೆಯ ಜಿಡ್ಡಿನ ಲೆಕ್ಕ ಬೇರೆ. ಎಣ್ಣೆಗೆ ಬೇಕಾದದ್ದು ಆಮ್ಲವಲ್ಲ, ಕ್ಷಾರ. ಒಲೆಯ ಹಿಂದಿನ ಟೈಲ್ಸಿಗೆ ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡಾ ಸಾಕಾಗುತ್ತದೆ, ಆದರೆ ಕೈಗವಸು ಬೇಕು, ಮತ್ತು ಅಲ್ಯೂಮಿನಿಯಂ ಪಾತ್ರೆಗೆ ಅದು ತಾಗಬಾರದು, ತಾಗಿದರೆ ಕಪ್ಪಾಗುತ್ತದೆ. ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ನೊರೆ ಬರಿಸುವ ಉಪಾಯ ಇತ್ತೀಚೆಗೆ ಬಹಳ ಜನಪ್ರಿಯವಾಗಿದೆ. ನೊರೆ ನೋಡಲು ಚೆಂದ. ಆದರೆ ಕ್ಷಾರವೂ ಆಮ್ಲವೂ ಒಂದನ್ನೊಂದು ತಟಸ್ಥಗೊಳಿಸಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು.

ಬ್ಲೀಚ್ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಅದರ ಕೆಲಸ ಕೊಳೆ ತೆಗೆಯುವುದಲ್ಲ, ರೋಗಾಣುಗಳನ್ನು ಕೊಲ್ಲುವುದು. ಕೊಳೆಯ ಮೇಲೆ ಸುರಿದರೆ ಕ್ಲೋರಿನ್ ಕೊಳೆಯೊಂದಿಗೇ ವರ್ತಿಸಿ ವ್ಯರ್ಥವಾಗುತ್ತದೆ. ಹಾಗಾಗಿ ಮೊದಲು ಸಾಬೂನು ನೀರಿನಿಂದ ತೊಳೆದು, ಆಮೇಲೆ ಬ್ಲೀಚ್ ದ್ರಾವಣ ಹಚ್ಚಿ, ಹತ್ತು ನಿಮಿಷ ಒದ್ದೆಯಾಗಿಯೇ ಇರಲು ಬಿಡುತ್ತೇನೆ. ಮೇಲ್ಮೈಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಕಾಲದಲ್ಲಿ ಹೇಳಿದ ಪ್ರಮಾಣ ಶೇ 0.1, ಶೇ 5ರ ಸೋಡಿಯಂ ಹೈಪೋಕ್ಲೋರೈಟ್, ಅಂದರೆ ದ್ರವರೂಪದ ಬ್ಲೀಚ್, ಆದರೆ ಒಂದು ಲೀಟರ್ ತಣ್ಣೀರಿಗೆ 20 ಮಿಲಿಲೀಟರ್ ಸಾಕು. ಬಿಸಿನೀರು ಬೇಡ, ಬಿಸಿಗೆ ಅದು ಬೇಗ ಒಡೆಯುತ್ತದೆ. ದ್ರಾವಣವನ್ನು ಆಯಾ ದಿನವೇ ಮಾಡಿ ಆಯಾ ದಿನವೇ ಮುಗಿಸಬೇಕು. ಸ್ಟೀಲ್ ಸಿಂಕಿಗೆ ಇದನ್ನು ಹಾಕಿದರೆ ತಡಮಾಡದೆ ನೀರು ಹರಿಸಿ ತೊಳೆಯುತ್ತೇನೆ, ಇಲ್ಲವಾದರೆ ಸಣ್ಣ ಸಣ್ಣ ಗುಳಿ ಬೀಳುತ್ತವೆ.

ನಿಜವಾದ ಅಪಾಯ ಇರುವುದು ಶೌಚಾಲಯದಲ್ಲಿ. ಅಲ್ಲಿ ಬಳಸುವ ನೀಲಿ ದ್ರವಗಳಲ್ಲಿ ಅನೇಕವು ಹೈಡ್ರೋಕ್ಲೋರಿಕ್ ಆಮ್ಲದವು. ಅದರ ಮೇಲೆ ಬ್ಲೀಚಿಂಗ್ ಪುಡಿ ಬಿದ್ದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಗಾಳಿಗಿಂತ ಭಾರವಾದ ಅನಿಲವಾದ್ದರಿಂದ ಅದು ಕೆಳಗೇ ನಿಲ್ಲುತ್ತದೆ, ಅಂದರೆ ಬಗ್ಗಿ ಉಜ್ಜುವವರ ಮುಖದ ಮಟ್ಟದಲ್ಲೇ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಮ್ಮನವರು ಎರಡನ್ನೂ ಒಟ್ಟಿಗೆ ಹಾಕಿದರೆ ಬೇಗ ಬೆಳ್ಳಗಾಗುತ್ತದೆಯಲ್ಲ ಎಂದು ಕೇಳಿದಾಗ, ನಾನು ಬರೀ ಬೇಡ ಎನ್ನದೆ ಕಾರಣವನ್ನು ಬಿಡಿಸಿ ಹೇಳಿದೆ. ಉಸಿರಾಟದ ವಿಷಯದಲ್ಲಿ ಅಪ್ಪಣೆಗಿಂತ ಕಾರಣ ಹೆಚ್ಚು ನೆನಪಿರುತ್ತದೆ. ಈಗ ಆಮ್ಲಕ್ಕೆ ಒಂದು ವಾರ, ಬ್ಲೀಚಿಗೆ ಮತ್ತೊಂದು ವಾರ, ನಡುವೆ ಹಲವು ಸಲ ಫ್ಲಶ್, ಕೆಲಸದುದ್ದಕ್ಕೂ ಬಾಗಿಲು ಕಿಟಕಿ ತೆರೆದಿರಬೇಕು ಎಂಬುದು ನಮ್ಮಿಬ್ಬರ ನಿಯಮ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಜೊತೆಗೂ ಬ್ಲೀಚ್ ಸೇರಬಾರದು. ಫಿನಾಯಿಲ್ ಕೂಡ ಒಂಟಿಯಾಗಿಯೇ ಇರಲಿ; ಅದರ ವಾಸನೆಯನ್ನೇ ಸ್ವಚ್ಛತೆ ಎಂದುಕೊಳ್ಳುವ ನಮ್ಮ ರೂಢಿ ಬೇರೆ ಮಾತು.

ಕಣ್ಣಿಗೆ ಏನಾದರೂ ಸಿಡಿದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಬಿಡದೆ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಯಾರಾದರೂ ನುಂಗಿದರೆ ವಾಂತಿ ಮಾಡಿಸಬಾರದು, ಗಂಟಲನ್ನು ಅದು ಎರಡನೆಯ ಸಲ ಸುಡುತ್ತದೆ. ಬಾಟಲಿಯನ್ನೂ ಜೊತೆಗೆ ಹಿಡಿದುಕೊಂಡು ಆಸ್ಪತ್ರೆಗೆ ಓಡಬೇಕು. ಇದೇ ಕಾರಣಕ್ಕೆ ನಾನು ಚೀಟಿಯಿಲ್ಲದ ಬಿಡಿ ಆಸಿಡ್ ಕೊಳ್ಳುವುದಿಲ್ಲ. ಸುಪ್ರೀಂ ಕೋರ್ಟ್ 2013ರಲ್ಲಿ ಆಸಿಡ್‌ನ ಚಿಲ್ಲರೆ ಮಾರಾಟಕ್ಕೆ ಗುರುತಿನ ಚೀಟಿ ಮತ್ತು ಕೊಳ್ಳುವ ಕಾರಣದ ನೋಂದಣಿಯನ್ನು ಕಡ್ಡಾಯ ಮಾಡಿದ್ದರೂ, ಹಳೆಯ ನೀರಿನ ಬಾಟಲಿಯಲ್ಲಿ ತುಂಬಿ ಮಾರುವುದು ಪೂರ್ತಿ ನಿಂತಿಲ್ಲ. ನೀರಿನಂತೆ ಕಾಣುವ ದ್ರವ ನೀರಿನ ಬಾಟಲಿಯಲ್ಲಿದ್ದರೆ ಮಗುವೇಕೆ, ದೊಡ್ಡವರೂ ಎತ್ತಿ ಕುಡಿದಾರು.

ಬ್ಲೀಚಿಂಗ್ ಪುಡಿಯನ್ನು ಚಿಕ್ಕ ಪೊಟ್ಟಣದಲ್ಲಿ ತಂದು, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮೇಲೆ ಹೆಸರೂ ತಂದ ತಿಂಗಳೂ ಬರೆದು, ಮೇಲಿನ ಬೀರುವಿನಲ್ಲಿ ಇಡುತ್ತೇನೆ. ಕಲಬುರಗಿಯ ಬೇಸಿಗೆಗೆ ಅದರ ಕಸುವು ಬೇಗ ಇಳಿಯುತ್ತದೆ. ಆಮ್ಲದ ಬಾಟಲಿ ಇರುವುದು ಹಿತ್ತಲ ಕಡೆಯ ಬೇರೊಂದು ಬೀರುವಿನಲ್ಲಿ, ಬೀಗ ಹಾಕಿ.