ಮಡಿಕೇರಿಯಿಂದ ವಂಡರ್‌ಲಾಗೆ, ತಲೆ ಸುತ್ತುವ ಗೆಳತಿಯ ಜೊತೆ

ಜೂನ್ ಕೊನೆಯ ವಾರ. ಶಾಲೆ ಯೂನಿಫಾರ್ಮ್ ಹೊಲಿಗೆ ಎಲ್ಲ ಮುಗಿಸಿ ಕೊಟ್ಟಾಗಿತ್ತು. ಆರಿದ್ರಾ ಮಳೆ ಬಿಡದೆ ಸುರಿಯುತ್ತಿತ್ತು, ಅಂಗಡಿಗೆ ಜನ ಬರುತ್ತಿರಲಿಲ್ಲ. ಗೆಳತಿಗೆ ಫೋನ್ ಮಾಡಿ "ಮಂಗಳವಾರ ಒಂದು ರಜೆ ಹಾಕು, ವಂಡರ್‌ಲಾಗೆ ಹೋಗೋಣ" ಅಂದೆ. ವಂಡರ್‌ಲಾ ಅಂದರೆ ಬೆಂಗಳೂರಿನ ಹತ್ತಿರ ಬಿಡದಿಯಲ್ಲಿರುವ ಆಟದ ಪಾರ್ಕು, ನೀರಿನ ಆಟಗಳೂ ಇವೆ, ನೆಲದ ಮೇಲಿನ ಒಣ ಆಟಗಳೂ ಇವೆ. ನನ್ನ ಗೆಳತಿ ಅಂಗನವಾಡಿ ಟೀಚರ್. "ಇಲ್ಲಿ ನೆನೆದದ್ದು ಸಾಲದಾ ಮಾರಾಯ್ತಿ, ದುಡ್ಡು ಕೊಟ್ಟು ನೆನೆಯೋಕೆ ಅಷ್ಟು ದೂರ ಹೋಗ್ಬೇಕಾ?" ಅಂತ ನಕ್ಕಳು. ಆಮೇಲೆ ದನಿ ಸಣ್ಣ ಮಾಡಿ ಹೇಳಿದಳು: "ನಂಗೆ ಸುಂಟಿಕೊಪ್ಪ ಮುಟ್ಟೋದ್ರೊಳಗೆ ವಾಂತಿ ಬರುತ್ತೆ. ಅಲ್ಲಿಗೆ ಬಂದು ನಿನ್ನ ಬ್ಯಾಗ್ ಕಾಯ್ತಾ ಕೂರಬೇಕಷ್ಟೆ."

ಆ ಬ್ಯಾಗ್ ಕಾಯುವ ಮಾತು ನನ್ನ ಮನಸ್ಸಿಗೆ ನಾಟಿತು. ಯಾಕೆಂದರೆ 2009ರಲ್ಲಿ ನಮ್ಮ ಸ್ತ್ರೀಶಕ್ತಿ ಗುಂಪಿನ ಜೊತೆ ಮೊದಲ ಸಲ ಅಲ್ಲಿಗೆ ಹೋದಾಗ ನಾನೂ ಹಾಗೇ ಕೂತಿದ್ದೆ. ಸೀರೆ ಉಟ್ಟಿದ್ದೆ, ನೀರಿಗೆ ಇಳಿಯುವ ಹಾಗಿರಲಿಲ್ಲ. ಸಣ್ಣ ಹುಡುಗಿಯರು ಅಲೆಯ ಕೊಳದಲ್ಲಿ ಕಿರುಚಿ ಕುಣಿಯುವಾಗ ನಾನು ಹನ್ನೊಂದು ಜನರ ಚಪ್ಪಲಿ, ಬ್ಯಾಗ್, ವಾಚು ಇಟ್ಟುಕೊಂಡು ದಡದಲ್ಲಿ ಕೂತು ನೋಡಿದೆ. ಆದರೂ ಆ ಜಾಗ ನನಗೆ ತುಂಬ ಇಷ್ಟವಾಯಿತು. ಅದಾದ ಮೇಲೆ ನಾಲ್ಕು ಸಲ ಹೋಗಿದ್ದೇನೆ, ಒಮ್ಮೆಯೂ ಬ್ಯಾಗ್ ಕಾಯಲಿಲ್ಲ. ಅವಳೂ ಕಾಯಬಾರದು ಅಂತ ಆವತ್ತೇ ತೀರ್ಮಾನ ಮಾಡಿದೆ.

ನಾನು ದರ್ಜಿ. ಅಳತೆ ತಗೊಳ್ಳದೆ ಬಟ್ಟೆಗೆ ಕತ್ತರಿ ಹಾಕುವವಳಲ್ಲ. ಹಾಗಾಗಿ ಮೊದಲು ಅವಳ ಭಯದ ಅಳತೆ ತಗೊಂಡೆ. ಎತ್ತರ ಕಂಡರೆ ಭಯವಾ ಅಂತ ಕೇಳಿದೆ. "ಎತ್ತರವಾ? ಮದುವೆಗೆ ಮುಂಚೆ ಒಂಟಿ ಬಿದಿರಿನ ಏಣಿ ಹತ್ತಿ ಕರಿಮೆಣಸು ಕೊಯ್ದವಳು ನಾನು" ಅಂದಳು. ಬಸ್ಸಿನಲ್ಲಿ ಯಾವಾಗ ಜಾಸ್ತಿ ಆಗುತ್ತೆ ಅಂದರೆ, ತಿರುವಿನಲ್ಲಿ, ಹಿಂದಿನ ಸೀಟಿನಲ್ಲಿ, ಮೊಬೈಲ್ ನೋಡುವಾಗ. ನೇರ ರಸ್ತೆಯಲ್ಲಿ ಏನೂ ಇಲ್ಲ. ಅಂದರೆ ಅವಳಿಗಿರುವುದು ಎತ್ತರದ ಭಯ ಅಲ್ಲ, ಸುತ್ತುವುದರ ತೊಂದರೆ. ಇವೆರಡೂ ಬೇರೆ ಬೇರೆ. ಕಿವಿಯ ಒಳಗೆ ದೇಹದ ಅಲುಗಾಟವನ್ನು ತಿಳಿಯುವ ಒಂದು ಭಾಗ ಇದೆ. ಅದು "ತಿರುಗುತ್ತಾ ಇದ್ದೀವಿ" ಅನ್ನುವಾಗ ಕಣ್ಣು "ಇಲ್ಲ, ಸುಮ್ನೆ ಕೂತಿದ್ದೀವಿ" ಅಂದರೆ ತಲೆಗೆ ಗೊಂದಲವಾಗಿ ಹೊಟ್ಟೆ ತೊಳೆಸುತ್ತದೆ. ಆದ್ದರಿಂದ ಇಂಥವರು ದೊಡ್ಡ ಆಟಗಳನ್ನೆಲ್ಲ ಬಿಡಬೇಕಾಗಿಲ್ಲ. ಗಿರಗಿರ ಸುತ್ತುವಂಥದ್ದನ್ನು ಬಿಟ್ಟರೆ ಆಯಿತು. ನೇರ ಮೇಲೆ ಹೋಗಿ ಕೆಳಗೆ ಬರುವ ಆಟ ಅವಳಿಗೆ ಆಗಬಹುದು ಅಂತ ನನಗೆ ಅನ್ನಿಸಿತು.

ಇನ್ನು ಬಟ್ಟೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಂಥ ಎಷ್ಟೋ ಹೆಂಗಸರು ನೀರಿಗೆ ಇಳಿಯದೆ ವಾಪಸು ಬರೋದು ಇದೊಂದೇ ಕಾರಣಕ್ಕೆ. ಅಲ್ಲಿ ನೀರಿಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಬೇಕು, ಹತ್ತಿ ಬಟ್ಟೆಗೆ ಬಿಡುವುದಿಲ್ಲ. ಹತ್ತಿ ನೀರು ಹೀರಿ ಭಾರವಾಗುತ್ತದೆ, ಅದರ ಎಳೆಗಳು ಉದುರಿ ಫಿಲ್ಟರ್‌ನಲ್ಲಿ ಸಿಕ್ಕಿಕೊಳ್ಳುತ್ತವೆ. ಒಳಗೆ ಅಂಗಡಿಯಲ್ಲಿ ಬಟ್ಟೆ ಸಿಗುತ್ತದೆ. ಆದರೆ ನನ್ನ ಗೆಳತಿಗೆ ಮಂಡಿ ಮುಚ್ಚಬೇಕು, ಮೈಗೆ ತೀರಾ ಅಂಟಬಾರದು. ಅದು ಅವಳ ಇಷ್ಟ, ಅದರಲ್ಲಿ ವಾದ ಮಾಡೋಕೆ ಏನೂ ಇಲ್ಲ. ಅದಕ್ಕೆ ನಾನೇ ಹೊಲಿದೆ.

ನಾಲ್ಕೂ ಕಡೆ ಎಳೆಯುವ ನೈಲಾನ್ ಲೈಕ್ರಾ ತಂದೆ, ಕಡು ನೀಲಿ, ಒದ್ದೆಯಾದರೂ ಮೈ ಕಾಣದಂಥ ದಪ್ಪದ್ದು. ಪಾದದ ಗಂಟಿನ ತನಕ ಪ್ಯಾಂಟು, ಮೇಲೆ ತೊಡೆಯ ಅರ್ಧಕ್ಕೆ ಬರುವ ತುಂಬು ತೋಳಿನ ಟಾಪ್. ಪ್ಯಾಂಟನ್ನು ಮೈಯಳತೆಗಿಂತ ಒಂದೂವರೆ ಇಂಚು ಕಮ್ಮಿ ಇಟ್ಟು ಕತ್ತರಿಸಿದೆ, ಇಲ್ಲದಿದ್ದರೆ ನೀರಿನಲ್ಲಿ ಜೋತು ಬೀಳುತ್ತದೆ. ಟಾಪ್‌ಗೆ ಮಾತ್ರ ಒಂದಿಂಚು ಸಡಿಲ ಬಿಟ್ಟೆ. ಮನೆಯಲ್ಲಿ ಹೊಲಿಯುವವರು ನೆನಪಿಡಿ, ಇದಕ್ಕೆ ಸಾಮಾನ್ಯ ಸೂಜಿ ಹಾಕಿದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ, ಬಟ್ಟೆಯಲ್ಲಿ ತೂತೂ ಆಗುತ್ತದೆ. ಬಾಲ್ ಪಾಯಿಂಟ್ ಸೂಜಿ ಬೇಕು, ಪಾಲಿಯೆಸ್ಟರ್ ದಾರ ಬೇಕು, ನೇರ ಹೊಲಿಗೆ ಬೇಡವೇ ಬೇಡ. ಜಾರುಬಂಡೆಯಲ್ಲಿ ಕಾಲು ಅಗಲಿಸಿದ ಕ್ಷಣಕ್ಕೆ ಟರ್ರ್ ಅಂತ ಬಿಚ್ಚಿಕೊಳ್ಳುತ್ತದೆ. ಝಿಗ್‌ಝಾಗ್ ಹಾಕಿ, ಇಲ್ಲವೇ ಓವರ್‌ಲಾಕ್ ಮಾಡಿಸಿ. ಝಿಪ್ಪು, ಲೋಹದ ಗುಂಡಿ, ಹುಕ್ಕು ಯಾವುದೂ ಇಡಬೇಡಿ. ಅವು ಜಾರುಬಂಡೆಯನ್ನು ಗೀರುತ್ತವೆ, ಹಿಂದೆ ಬರುವವರ ಮೈಯನ್ನೂ ಗೀರುತ್ತವೆ. ಸೊಂಟಕ್ಕೆ ಅಗಲ ಇಲಾಸ್ಟಿಕ್ ಸಾಕು. ಸೇಫ್ಟಿ ಪಿನ್ ಒಂದೂ ಬೇಡ. ಒಣ ಆಟಗಳಿಗೂ ದುಪ್ಪಟ್ಟಾ ಬೇಡ, ಜಡೆ ಇಳಿ ಬಿಡೋದೂ ಬೇಡ. ಚಕ್ರಕ್ಕೋ ಬೆಲ್ಟಿಗೋ ಸುತ್ತಿಕೊಂಡರೆ ಪ್ರಾಣಕ್ಕೇ ಸಂಚಕಾರ. ಅವಳ ಉದ್ದ ಜಡೆಯನ್ನು ಗಂಟು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದ್ದು ನಾನೇ.

ಸೋಮವಾರ ಮಧ್ಯಾಹ್ನ ಹೊರಟೆವು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಅಲ್ಲಿಂದ ಬಿಡದಿಗೆ ಇನ್ನೂ 110ರ ಹತ್ತಿರ. ಒಂದೇ ದಿನದಲ್ಲಿ ಹೋಗಿ ಬರುವವರಿದ್ದಾರೆ, ನಾನೂ ಒಂದು ಸಲ ಬಂದಿದ್ದೇನೆ. ಆದರೆ ಐದು ಗಂಟೆ ರಸ್ತೆಯಲ್ಲಿ ಕೂತು, ಸೊರಗಿ, ಆಮೇಲೆ ಆಟ ಆಡೋದು ಇವಳಂಥವರಿಗೆ ಆಗುವ ಕೆಲಸವಲ್ಲ. ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಹಿಡಿದೆವು. ಕೈಯಲ್ಲಿ ಒಂದು ನಿಂಬೆಹಣ್ಣು, ಬಾಯಲ್ಲಿ ಉಪ್ಪು ಹಚ್ಚಿದ ಶುಂಠಿ ಚೂರು. ದೂರದ ರಸ್ತೆಯನ್ನೇ ನೋಡು, ಮೊಬೈಲ್ ಮುಟ್ಟಬೇಡ ಅಂತ ಹೇಳಿದ್ದೆ. ವಾಂತಿ ತಡೆಯುವ ಮಾತ್ರೆ ಬೇಡ ಅಂದುಕೊಂಡೆವು, ಅದು ಅವಳಿಗೆ ಮರುದಿನದವರೆಗೂ ನಿದ್ದೆ ಬರಿಸುತ್ತದೆ. ಸುಂಟಿಕೊಪ್ಪದಲ್ಲಿ ಮುಖ ಬಿಳಿಚಿಕೊಂಡಿತ್ತು, ಆನೆಕಾಡು ದಾಟಿ ಕುಶಾಲನಗರ ಬಂದಾಗ ಸರಿಹೋಯಿತು. ಅಲ್ಲಿಂದ ಆಚೆ ಬೈಲುಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ಎಲ್ಲ ಅವಳಿಗೆ ಸಲೀಸು. ರಾತ್ರಿ ಹಿನಕಲ್‌ನಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು.

ಬೆಳಿಗ್ಗೆ ಮೈಸೂರಿನಿಂದ ಪ್ಯಾಸೆಂಜರ್ ರೈಲು ಹತ್ತಿದೆವು. ಎಕ್ಸ್‌ಪ್ರೆಸ್‌ವೇನಲ್ಲಿ ಕಾರು ಬೇಗ ಹೋಗುತ್ತದೆ, ನಿಜ. ಆದರೆ ನಮ್ಮ ಜಿಲ್ಲೆಗೆ ರೈಲೇ ಇಲ್ಲ ಅಲ್ವಾ, ನನ್ನ ಗೆಳತಿ ಜೀವನದಲ್ಲಿ ಎರಡನೇ ಸಲ ರೈಲು ಹತ್ತುತ್ತಿದ್ದಳು. ಅವಳ ಆಟ ಅಲ್ಲಿಂದಲೇ ಶುರುವಾಯಿತು. ಶ್ರೀರಂಗಪಟ್ಟಣದಲ್ಲಿ ರೈಲು ಕಾವೇರಿ ದಾಟುವಾಗ ಎದ್ದು ನಿಂತು ಕೈ ಮುಗಿದಳು. "ಮೊನ್ನೆ ಭಾಗಮಂಡಲದಲ್ಲಿ ನೋಡಿದ ನೀರೇ ಇರಬಹುದಾ?" ಅಂತ ಕೇಳಿದಳು. ಕೆ.ಆರ್.ಎಸ್.ನಲ್ಲಿ ನಿಂತು ಬರಬೇಕಲ್ಲ, ಮೊನ್ನೆಯದು ಇಷ್ಟು ಬೇಗ ಬಂದಿರಲ್ಲ ಅಂದೆ. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಆಮೇಲೆ ಬಿಡದಿ. ಬಿಡದಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಹೋಗೋದುಂಟಾ? ಒಂದೊಂದೇ ತಿಂದೆವು, ಬೆಣ್ಣೆ ಬೇಡ ಅಂದೆ. ಹೊಟ್ಟೆ ಪೂರ್ತಿ ಖಾಲಿ ಇದ್ದರೂ ತೊಳೆಸುತ್ತದೆ, ತುಂಬಿದ್ದರೂ ತೊಳೆಸುತ್ತದೆ. ಅಲ್ಲಿಂದ ಆಟೋ.

ಮಂಗಳವಾರ ಅಂತ ಹೇಳಿದೆನಲ್ಲ, ಅದಕ್ಕೆ ಕಾರಣ ಇದೆ. ಶನಿವಾರ, ಭಾನುವಾರ ಟಿಕೆಟ್ ದರವೂ ಜಾಸ್ತಿ, ಜನವೂ ಜಾಸ್ತಿ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲು ಸಾಲು. ಜೂನ್‌ನಲ್ಲಿ ಶಾಲೆ ಆಗಷ್ಟೇ ಶುರುವಾಗಿರುತ್ತದೆ. ಮಡಿಕೇರಿಯಲ್ಲಿ ಕೊಡೆ ಮುರಿಯುವ ಮಳೆ ಇದ್ದರೂ ಬಿಡದಿ ಕಡೆ ಬರೀ ಮೋಡ ಇರೋದೇ ಹೆಚ್ಚು. ಆವತ್ತೂ ಹಾಗೇ ಇತ್ತು, ಸಾಲುಗಳು ಸಣ್ಣವು. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತಗೊಂಡಿದ್ದೆ. ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಅಮ್ಮ ಕಟ್ಟಿಕೊಟ್ಟ ಕಡುಬನ್ನು ಚಿಕ್ಕಮ್ಮನ ಮನೆಯಲ್ಲೇ ಖಾಲಿ ಮಾಡಿ ಬಂದಿದ್ದೆವು. ಒಳಗೆ ಹೋದ ಕೂಡಲೇ ಒಂದು ಲಾಕರ್ ಬಾಡಿಗೆಗೆ ಹಿಡಿದೆ. ಬ್ಯಾಗ್ ಅದರೊಳಗೆ ಹಾಕಿ, ಕೀಲಿಯನ್ನು ಅವಳ ಕೈಗೆ ಕೊಟ್ಟು, "ಇನ್ನು ಕಾಯೋಕೆ ಏನೂ ಇಲ್ಲ" ಅಂದೆ.

ಮೊದಲು ಸ್ಕೈ ವೀಲ್. ಗೋಪುರದ ಮೇಲೆ ನಿಧಾನ ತಿರುಗುವ ದೊಡ್ಡ ಚಕ್ರ. ದೂರಕ್ಕೆ ಕಣ್ಣು ಹಾಯುತ್ತದೆ, ಹಾಗಾಗಿ ತಲೆಗೆ ಗೊಂದಲ ಇಲ್ಲ. ಅವಳು ಬಂಡೆ ಗುಡ್ಡಗಳನ್ನು ನೋಡಿ, ಇಷ್ಟು ಒಣ ಬೆಟ್ಟ ಜೂನ್‌ನಲ್ಲಿ ಹೇಗಿರುತ್ತೆ ಅಂತ ಆಶ್ಚರ್ಯಪಟ್ಟಳು. ಎರಡನೆಯದು ಹಡಗಿನ ಹಾಗೆ ತೂಗುವ ಆಟ. ಇದರಲ್ಲಿ ಕೂರುವ ಜಾಗದ ಮೇಲೆ ಎಲ್ಲ ನಿಂತಿದೆ. ತುದಿಯಲ್ಲಿ ಕೂತವರು ಬಹಳ ಮೇಲೆ ಹೋಗುತ್ತಾರೆ, ನಡುವೆ ಕೂತವರಿಗೆ ತೊಟ್ಟಿಲು ತೂಗಿದ ಹಾಗೆ. ನಾವು ಸರಿಯಾಗಿ ನಡುವೆ ಕೂತೆವು. ಮುಂದಿನವರ ತಲೆ ನೋಡಬೇಡ, ಆಚೆ ಮರ ನೋಡು ಅಂದಿದ್ದೆ. ಇಳಿದಾಗ "ಇಷ್ಟೇನಾ?" ಅಂದಳು. ಆಗ ನನಗೆ ಧೈರ್ಯ ಬಂತು.

ಆಮೇಲೆ ನೇರ ಮೇಲೆ ಹೋಗಿ ಕೆಳಗೆ ಬರುವ ಆಟ, ಫ್ಲ್ಯಾಶ್ ಟವರ್. ಅದರ ಹತ್ತಿರ ಹೋಗಿ ಐದು ನಿಮಿಷ ಸುಮ್ನೆ ನಿಂತು ನೋಡಿದೆವು. ನೋಡುವುದು ಮುಖ್ಯ. ಎಷ್ಟು ಹೊತ್ತಿಗೆ ಮೇಲೆ, ಎಷ್ಟು ಹೊತ್ತಿಗೆ ಕೆಳಗೆ, ಇಳಿದವರ ಮುಖ ಹೇಗಿದೆ, ಇದೆಲ್ಲ ಮೊದಲೇ ಗೊತ್ತಾದರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ಅವಳೇ "ಇದು ಸುತ್ತಲ್ಲ ಅಲ್ವಾ? ಬಾ" ಅಂತ ನನ್ನ ಕೈ ಹಿಡಿದಳು. ಮೇಲೆ ಹೋದಾಗ ಅವಳು ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ಅಂಗನವಾಡಿ ಮಕ್ಕಳನ್ನು ಕರೆಯುವಾಗಲೂ ಗಟ್ಟಿ ದನಿ ಮಾಡದವಳು ಅವಳು. ಇಳಿದು ಎರಡನೇ ಸಲ ಹತ್ತಿದಳು.

ಊಟ ಆದ ಮೇಲೆ ಒಂದು ಗಂಟೆ ಏನೂ ಮಾಡಲಿಲ್ಲ. ಒಂದು ವರ್ಷ ನನ್ನ ತಂಗಿ ಊಟದ ಕೈ ತೊಳೆದ ಕೂಡಲೇ ಗಿರಗಿರ ತಿರುಗುವ ಆಟಕ್ಕೆ ಹೋಗಿ ಸಂಜೆವರೆಗೂ ಮಲಗಿದ್ದಳು, ಆ ದಿನ ಪೂರ್ತಿ ಹಾಳಾಯಿತು. ಅದಕ್ಕೇ ಈ ಸಲ ಮರದ ನೆರಳಲ್ಲಿ ಕೂತು ಹರಟೆ, ಆಮೇಲೆ ನೀರು. ನೀರಿನ ಆಟಗಳು ಒಣ ಆಟಗಳಿಗಿಂತ ಬೇಗ ಮುಚ್ಚುತ್ತವೆ, ಅದನ್ನು ಲೆಕ್ಕ ಇಟ್ಟುಕೊಳ್ಳಬೇಕು. ನೀಲಿ ಬಟ್ಟೆ ಹಾಕಿಕೊಂಡು ಹೊರಗೆ ಬಂದವಳು ಮೊದಲು ಟಾಪನ್ನು ಎಳೆದು ಎಳೆದು ನೋಡಿಕೊಂಡಳು. ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ. ಲೇಜಿ ರಿವರ್‌ನಲ್ಲಿ ಟ್ಯೂಬ್ ಮೇಲೆ ಒರಗಿ ಒಂದು ಸುತ್ತು ಬರುವಷ್ಟರಲ್ಲಿ ಬಟ್ಟೆಯ ನೆನಪೇ ಹೋಗಿತ್ತು.

ನನ್ನ ಲೆಕ್ಕ ತಪ್ಪಿದ್ದು ರೇನ್ ಡಿಸ್ಕೋದಲ್ಲಿ. ನನಗೆ ಅಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಒಳಗೆ ಕತ್ತಲು, ಬಣ್ಣದ ಬೆಳಕು, ಜೋರು ಹಾಡು, ಮೇಲಿಂದ ಬೆಚ್ಚಗಿನ ನೀರಿನ ಮಳೆ. ಅವಳನ್ನೂ ಕರೆದುಕೊಂಡು ಓಡಿದೆ. ಬಾಗಿಲ ಒಳಗೆ ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ಕೈ ತಣ್ಣಗಾಗಿತ್ತು. ಹೊರಗೆ ಕರೆದುಕೊಂಡು ಬಂದೆ. ಅವಳ ತವರು ಮಕ್ಕಂದೂರು ಕಡೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಅವಳು ತವರಿನಲ್ಲೇ ಇದ್ದಳು. ಕರೆಂಟಿಲ್ಲದ ಕತ್ತಲು, ಮಳೆಯ ಸದ್ದು, ಅದರ ಮಧ್ಯೆ ಎಲ್ಲಿಂದಲೋ ನೆಲ ಗುಡುಗಿದ ಹಾಗೆ ಶಬ್ದ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಎತ್ತರ ಕೇಳಿದೆ, ತಿರುವು ಕೇಳಿದೆ, ಮಳೆಯ ಬಗ್ಗೆ ಒಂದು ಮಾತು ಕೇಳಲಿಲ್ಲ.

"ಬಾ ಬಾ, ಏನೂ ಆಗಲ್ಲ" ಅಂತ ಎಳೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ ಕೂತೆವು. ಅವಳು ಸ್ವಲ್ಪ ಹೊತ್ತು ಮನೆಯ ಹಿಂದಿದ್ದ ಹಲಸಿನ ಮರದ ಬಗ್ಗೆ ಮಾತಾಡಿದಳು, ಈಗ ಆ ಮರವೂ ಇಲ್ಲ, ಅದು ನಿಂತಿದ್ದ ಜಾಗವೂ ಇಲ್ಲ. ನಾನು ಕೇಳಿಸಿಕೊಂಡೆ. ಆಮೇಲೆ ಅವಳೇ ಎದ್ದಳು. "ಬೆಳಕಿರೋ ಕಡೆ ಹೋಗೋಣ" ಅಂದಳು. ಅಲೆಯ ಕೊಳಕ್ಕೆ ಹೋದೆವು. ಅದು ತೆರೆದ ಆಕಾಶದ ಕೆಳಗೆ ಇದೆ, ಅಲೆ ಬರೋದು ಕಣ್ಣಿಗೆ ಕಾಣುತ್ತದೆ. ಮೊಣಕಾಲುದ್ದ ನೀರಿನಲ್ಲಿ ಕೈ ಕೈ ಹಿಡಿದು ನಿಂತೆವು. ಪ್ರತಿ ಅಲೆಗೂ ಒಂದು ಹೆಜ್ಜೆ ಮುಂದೆ ಇಡುತ್ತಾ ಸೊಂಟದವರೆಗೆ ಹೋದಳು. ಇಲ್ಲಿ ಮಳೆ ನೀರನ್ನು ಹಿಡಿದಿಟ್ಟು ಬಳಸುತ್ತಾರೆ ಅಂತ ಹೇಳಿದೆ. ಅವಳು ಒಂದು ಬೊಗಸೆ ನೀರು ಎತ್ತಿ ನೋಡಿ ನನ್ನ ಮುಖಕ್ಕೆ ಎರಚಿದಳು.

ಬಟ್ಟೆ ಬದಲಿಸಿ ಬಂದ ಮೇಲೆ ಉಳಿದದ್ದು ನನ್ನ ರೀಕಾಯಿಲ್, ಹಳಿಯ ಮೇಲೆ ಓಡುವ ರೋಲರ್ ಕೋಸ್ಟರ್. ಅದನ್ನು ಬಿಟ್ಟು ಬಂದರೆ ನನಗೆ ಹೋದ ಹಾಗೇ ಇರುವುದಿಲ್ಲ. ಆ ರೈಲಿಗೆ ಎಂಜಿನ್ ಇಲ್ಲ. ಹಿಂದಕ್ಕೆ ಎಳೆದು ಮೇಲಕ್ಕೆ ಒಯ್ದು ಬಿಟ್ಟುಬಿಡುತ್ತಾರೆ, ತನ್ನ ಭಾರಕ್ಕೇ ಓಡಿ ಮೂರು ಸಲ ತಲೆಕೆಳಗಾಗಿ ಆಚೆ ತುದಿ ಮುಟ್ಟುತ್ತದೆ. ಅಲ್ಲಿ ಮತ್ತೆ ಮೇಲಕ್ಕೆ ಒಯ್ದು ಬಿಡುತ್ತದೆ, ಈಗ ಅದೇ ದಾರಿಯಲ್ಲಿ ಹಿಂದುಮುಂದಾಗಿ ಬರಬೇಕು, ಇನ್ನೂ ಮೂರು ಸಲ. ಬೆನ್ನು ನೋವು, ಬಿ.ಪಿ., ಹೃದಯದ ತೊಂದರೆ ಇದ್ದವರು, ಬಸುರಿಯರು ಹತ್ತಲೇಬಾರದು. ಇವಳಿಗೂ ಬೇಡ ಅಂತ ಮೊದಲೇ ಮಾತಾಗಿತ್ತು. ನಾನು ಒಬ್ಬಳೇ ಹತ್ತಿದೆ. ಅವಳು ಬೇಲಿಯ ಹತ್ತಿರ ಬರಿಗೈಯಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದಳು. ಹಿಂದಕ್ಕೆ ಬರುವಾಗ ತಲೆಕೆಳಗಾಗಿ ಕಂಡದ್ದು ಅವಳ ಕೈಯೇ.

ಮರುದಿನ ವಾಪಸು ಬಂದೆವು. ಬಸ್ಸು ಕುಶಾಲನಗರ ಬಿಟ್ಟ ಕೂಡಲೇ ಮಳೆ ಶುರುವಾಯಿತು, ತಿರುವುಗಳೂ ಶುರುವಾದವು. ಅವಳು ನಿಂಬೆಹಣ್ಣು ಮೂಸುತ್ತಾ ನನ್ನ ಭುಜಕ್ಕೆ ಒರಗಿದ್ದಳು, ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೇ ಕಣ್ಣು ಬಿಟ್ಟದ್ದು. ಮೊನ್ನೆ ಅವಳ ಫೋನ್ ಬಂತು. ಅವಳ ಜೊತೆ ಕೆಲಸ ಮಾಡುವ ಅಂಗನವಾಡಿಯವರು ನಾಲ್ಕು ಜನಕ್ಕೆ ಅದೇ ನೀಲಿ ಬಟ್ಟೆ ಬೇಕಂತೆ, ಅಳತೆ ಅವಳೇ ತೆಗೆದು ಕಳಿಸಿದ್ದಾಳೆ. ಚೀಟಿಯಲ್ಲಿ ಪ್ರತಿ ಹೆಸರಿನ ಎದುರು ಎದೆ, ಸೊಂಟ, ಉದ್ದ ಬರೆದು, ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದ್ದಾಳೆ: ಒಬ್ಬರಿಗೆ ಎತ್ತರ ಆಗಲ್ಲ, ಒಬ್ಬರಿಗೆ ಬಿ.ಪಿ., ಇಬ್ಬರಿಗೆ ಏನೂ ಇಲ್ಲ, ಮಳೆಯೂ ಕೇಳಿದ್ದೇನೆ.