ದೊಡ್ಡ ಬೆಲೆಗಳು ಗ್ರಾಫ್‌ನಿಂದ ಹೊರಗೆ ಹೋಗ್ತಿವೆಯಾ?

ಪ್ರೋಗ್ರಾಂ ಬರೆದು ಗ್ರಾಫ್ ಬಿಡಿಸ್ತಿದ್ದೀರಿ ಅನ್ನಿ. ಬಿಡಿಸುವ ಜಾಗದ, ಅಂದರೆ ಪ್ಯಾನೆಲ್‌ನ ಎತ್ತರ 400 ಪಿಕ್ಸೆಲ್, ಡೇಟಾ ಮಾತ್ರ ಲಕ್ಷಗಳಲ್ಲಿ. ಹಾಗೇ ಬಿಡಿಸಿದರೆ ಗೆರೆ ಪರದೆಯಲ್ಲಿ ಕಾಣೋದೇ ಇಲ್ಲ. ಸುಮ್ನೆ 1000ದಿಂದ ಭಾಗಿಸಿಬಿಡಬೇಡಿ. ನಾಳೆ ಡೇಟಾ ಬದಲಾದರೆ ಮತ್ತೆ ಅದೇ ಗೋಳು.

ಮೊದಲು ಡೇಟಾದ ಕನಿಷ್ಠ, ಗರಿಷ್ಠ ಬೆಲೆ ಹುಡುಕಿ. ಉದಾಹರಣೆಗೆ 2,00,000 ಮತ್ತು 10,00,000 ಎಂದಿಟ್ಟುಕೊಳ್ಳಿ. ಈಗ 4,00,000 ಎಲ್ಲಿ ಬರಬೇಕು? ಕನಿಷ್ಠವನ್ನು ಕಳೆದರೆ 2,00,000. ಅದನ್ನು ಒಟ್ಟು ವ್ಯಾಪ್ತಿ 8,00,000ದಿಂದ ಭಾಗಿಸಿದರೆ 0.25. ಎತ್ತರ 400ರಿಂದ ಗುಣಿಸಿದರೆ 100 ಪಿಕ್ಸೆಲ್. ಆದರೆ ವಿಂಡೋದಲ್ಲಿ ಸೊನ್ನೆ ಇರೋದು ಮೇಲ್ಗಡೆ ಅಲ್ವಾ? ಹಾಗಾಗಿ 400ರಿಂದ 100 ಕಳೆದು 300ರಲ್ಲಿ ಚುಕ್ಕಿ ಇಡಿ. ಇದನ್ನು ಮರೆತರೆ ಗ್ರಾಫ್ ತಲೆಕೆಳಗಾಗುತ್ತದೆ.

ಜಾಸ್ತಿ ಜನ ಎಡವೋದು ಭಾಗಾಕಾರದಲ್ಲಿ. ಸಿ ಶಾರ್ಪ್, ಜಾವಾ ಭಾಷೆಗಳಲ್ಲಿ ಎರಡೂ ಸಂಖ್ಯೆ ಇಂಟ್ (ಪೂರ್ಣಾಂಕ ಮಾತ್ರ ಹಿಡಿಯುವ ಬಗೆ) ಆಗಿದ್ದರೆ 0.25 ಬದಲು 0 ಬರುತ್ತದೆ. ಗರಿಷ್ಠ ಬೆಲೆಯದನ್ನು ಬಿಟ್ಟು ಉಳಿದ ಎಲ್ಲ ಚುಕ್ಕಿಗಳೂ ತಳಕ್ಕೆ ಅಂಟಿಕೊಳ್ಳುತ್ತವೆ. ಮೊದಲು ಗುಣಿಸಿ ಆಮೇಲೆ ಭಾಗಿಸೋಣ ಅಂದರೆ ಇನ್ನೊಂದು ತೊಂದರೆ. 1 ಕೋಟಿಯನ್ನು 400ರಿಂದ ಗುಣಿಸಿದರೆ 400 ಕೋಟಿ. 32 ಬಿಟ್ ಇಂಟ್‌ನ ಮಿತಿ 2,14,74,83,647 ಮಾತ್ರ. ದಶಮಾಂಶ ಸಂಖ್ಯೆ ಹಿಡಿಯುವ ಡಬಲ್ ಬಳಸಿ, ಕೊನೆಯಲ್ಲಿ ಮಾತ್ರ ಪೂರ್ಣಾಂಕ ಮಾಡಿ.

ಎಲ್ಲ ಬೆಲೆಗಳೂ ಒಂದೇ ಆಗಿದ್ದರೆ ವ್ಯಾಪ್ತಿ ಸೊನ್ನೆಯಾಗುತ್ತದೆ, ಸೊನ್ನೆಯಿಂದ ಭಾಗಿಸೋಕೆ ಆಗಲ್ಲ, ಅದನ್ನು ಮೊದಲೇ ಪರೀಕ್ಷಿಸಿ. ವಿಂಡೋ ಅಳತೆ ಬದಲಾದಾಗಲೂ ಸರಿ ಕಾಣಬೇಕೆಂದರೆ ಈ ಲೆಕ್ಕವನ್ನು ಪೇಂಟ್ ಈವೆಂಟ್ (ಪರದೆ ಮತ್ತೆ ಬಿಡಿಸುವಾಗ ನಡೆಯುವ ಕೋಡ್) ಒಳಗೇ ಇಡಿ. ಮೂಲ ಡೇಟಾವನ್ನು ಮಾತ್ರ ಮುಟ್ಟಬೇಡಿ.