ಹೈಡ್ರೋಜನ್ ತುಂಬೋದಲ್ಲ, ಕಾವು ತಗಿಯೋದ ದೊಡ್ಡ ಕೆಲ್ಸ

ಧಾರವಾಡದಾಗ ಎಂಎಸ್ಸಿ ಪ್ರಾಜೆಕ್ಟ್‌ಗೆ ನಾ ಲ್ಯಾಂಥನಮ್-ನಿಕ್ಕಲ್ ಅಲಾಯ್ (ಎರಡು ಲೋಹ ಕೂಡಿಸಿದ ಮಿಶ್ರಲೋಹ) ಒಳಗ ಹೈಡ್ರೋಜನ್ ತುಂಬೋ ಸಣ್ಣ ಸೆಟಪ್ ಮಾಡಿದ್ದೆ, ಗ್ಯಾಸು ಗಟ್ಟಿ ಲೋಹದಾಗ ಹೆಂಗ ಹೋಗ್ತೈತಿ ಅಂತ ಭಾಳ ಮಂದಿ ಕೇಳ್ತಾರ. ಲೋಹದ ಮ್ಯಾಲ ಕುಂತ ಕೂಡ್ಲೇ ಹೈಡ್ರೋಜನ್ ಮಾಲಿಕ್ಯೂಲ್ ಒಡದು ಎರಡು ಆಟಮ್ ಆಗಿ ಲೋಹದ ಆಟಮ್‌ಗಳ ಸಂದ್ಯಾಗ ಹೋಗಿ ಕೂಡ್ತಾವ, ಅಷ್ಟ. ಹೈಡ್ರೋಜನ್ ಕಾರಿನ ಟ್ಯಾಂಕಿನಾಗ 700 ಬಾರ್ (1 ಬಾರ್ ಅಂದ್ರ ಹೆಚ್ಚೂಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡ ಹಾಕಬೇಕು, ಇಲ್ಲಿ ರೂಮ್ ಟೆಂಪರೇಚರ್‌ನಾಗ 2 ಬಾರ್ ಆಸುಪಾಸು ಇದ್ರೂ ಒಳಗ ಹೋಗ್ತೈತಿ.

ಅಲಾಯ್ ತುಂಬೋ ಟ್ಯೂಬು ಎಸ್‌ಎಸ್ 316 ಅನ್ನೋ ಸ್ಟೇನ್‌ಲೆಸ್ ಸ್ಟೀಲಿಂದು, ಹುಬ್ಬಳ್ಳಿ ಗೋಕುಲ ರೋಡಿನ ಲೇಥ್ ಮಿಸ್ತ್ರಿ ಕಡೆ ಮಾಡಿಸಿದ್ದು. "ದಪ್ಪಂದು ಒಂದ ಮಾಡ್ಲ್ಯಾ ತಮ್ಮಾ, ಖರ್ಚು ಉಳೀತೈತಿ" ಅಂದ್ರು, ನಾ ಮಾತ್ರ ಸಪೂರನ ಬೇಕ್ರಿ ಅಂತ ಹಟ ಹಿಡಿದೆ. ಯಾಕಂದ್ರ 100 ಗ್ರಾಂ ಅಲಾಯ್ 1.4 ಗ್ರಾಂ ಹೈಡ್ರೋಜನ್ ತಗೊಳ್ಳೂಮುಂದ ಸುಮಾರು 21 ಕಿಲೋಜೂಲ್ ಕಾವು ಬಿಡ್ತೈತಿ, ಅಂದ್ರ ಅರ್ಧ ಲೀಟರ್ ನೀರು 10 ಡಿಗ್ರಿ ಏರೋವಷ್ಟು, ಅಲಾಯ್ ಪೌಡರ್ ಅಂತೂ ಕಾವನ್ನ ಹೊರಗ ದಾಟಸೂದ ಕಮ್ಮಿ, ಟ್ಯೂಬು ಸಪೂರ ಇದ್ರ ಕಾವು ಲಗೂನ ಗೋಡೆ ಮುಟ್ಟತೈತಿ. ನಾ 10 ಬಾರ್‌ನಾಗ ಗ್ಯಾಸ್ ಕೊಡತಿದ್ದೆ, ಒಳಗ 70 ಡಿಗ್ರಿ ದಾಟಿತಂದ್ರ ಅಲಾಯೇ ಅಷ್ಟ ಒತ್ತಡ ವಾಪಸ್ ತಳ್ತೈತಿ, ಗ್ಯಾಸ್ ಒಳಗ ಹೋಗೂದ ನಿಂತು ಒತ್ತಡ ತೋರಸೋ ಗೇಜಿನ ಮುಳ್ಳು ನಿಂತ ಬಿಡ್ತೈತಿ. ಟ್ಯೂಬನ್ನ ನೀರಿನ ಬಕೆಟ್‌ನಾಗ ಇಟ್ಟು, ಪೌಡರ್ ಜೋಡಿ ಅಲ್ಯೂಮಿನಿಯಂ ಚೂರು ಕಲಸಿದ ಮ್ಯಾಲ ಮುಳ್ಳು ಮತ್ತ ಇಳ್ಯಾಕ ಶುರು ಆತು.

ಇನ್ನೊಂದು, ಹೊಸಾ ಅಲಾಯ್ ಒಮ್ಮೆಲೇ ಕುಡಿಯಂಗಿಲ್ಲ. ಮೈಮ್ಯಾಲಿನ ಆಕ್ಸೈಡ್ ಅಡ್ಡ ಬರ್ತೈತಿ, ವ್ಯಾಕ್ಯೂಮ್ ಹಾಕಿ, ಬಿಸಿ ಮಾಡಿ, ತುಂಬಿಸಿ, ಖಾಲಿ ಮಾಡಿ ಮತ್ತ ಮತ್ತ ಮಾಡಬೇಕು, ಇದಕ್ಕ ಆಕ್ಟಿವೇಟ್ ಮಾಡೋದು ಅಂತಾರ, ಹಂಗ ಮಾಡ್ತಾ ಮಾಡ್ತಾ ಅದು ಒಡದೊಡದು ನುಣ್ಣನ್ನ ಹಿಟ್ಟಾಗ್ತೈತಿ. ಗ್ಯಾಸ್ ಕುಡಿದ ಮ್ಯಾಲ ಕಾಲು ಭಾಗದಷ್ಟು ಉಬ್ಬತೈತಿ ಬ್ಯಾರೆ, ಅದಕ್ಕ ಟ್ಯೂಬು ಅರ್ಧಕ್ಕಿಂತ ಸ್ವಲ್ಪ ಮ್ಯಾಲ ಅಷ್ಟ ತುಂಬಿ ಅಡ್ಡಾ ಮಲಗಿಸಿ ಇಟ್ಟೆ, ನಿಲ್ಲಿಸಿದ್ರ ಹಿಟ್ಟೆಲ್ಲ ತಳದಾಗ ಕುಂತು ಗೋಡೆ ಒತ್ತತೈತಿ. ಟ್ಯೂಬಿನ ಬಾಯಿಗೆ ಸಿಂಟರ್ಡ್ ಫಿಲ್ಟರ್ (ಲೋಹದ ಪುಡಿ ಕಾಸಿ ಅಂಟಿಸಿದ ಸಣ್ಣ ತೂತಿನ ಜರಡಿ) ಬೇಕೇ ಬೇಕು, ಇಲ್ಲಂದ್ರ ವಾಲ್ವಿನಾಗ ಹಿಟ್ಟು ಸಿಕ್ಕೊಳ್ಳತೈತಿ. ಗ್ಯಾಸ್ ಮಾತ್ರ ಫೈವ್ ನೈನ್, ಅಂದ್ರ 99.999 ಪರ್ಸೆಂಟ್ ಪ್ಯೂರಿಟಿದೇ ತಗೋರಿ, ಸ್ವಲ್ಪ ಕಾರ್ಬನ್ ಮೊನಾಕ್ಸೈಡ್ ಇದ್ರೂ ಮೇಲ್ಮೈ ಕೆಡ್ತೈತಿ.

ಗ್ಯಾಸ್ ವಾಪಸ್ ತಗಿಯೂಮುಂದ ಉಲ್ಟಾ, ಟ್ಯೂಬು ತಣ್ಣಗಾಗಿ ಹರಿವು ಕಮ್ಮಿ ಆಗ್ತೈತಿ, ಬಕೆಟ್‌ಗೆ ಬೆಚ್ಚನ ನೀರು ಹಾಕಿದ್ರ ಸರಿ.

ಸ್ಕೂಟರ್‌ಗೆ ಹಾಕಬಹುದಾ ಅಂತ ಎಲ್ಲಾರೂ ಕೇಳೋದ. 1 ಕೆಜಿ ಹೈಡ್ರೋಜನ್‌ಗೆ 70 ಕೆಜಿ ಅಲಾಯ್ ಬೇಕು, ನೀವ ಲೆಕ್ಕಾ ಹಾಕ್ರಿ. ಮ್ಯಾಗ್ನೀಸಿಯಂ ತೂಕದಾಗ 7.6 ಪರ್ಸೆಂಟ್ ಹೈಡ್ರೋಜನ್ ಹಿಡೀತೈತಿ ಖರೆ, ಆದ್ರ ಬಿಡಬೇಕಂದ್ರ 300 ಡಿಗ್ರಿ ಸನೇಕ ಕಾಸಬೇಕು. ಜರ್ಮನಿಯ ಟೈಪ್ 212 ಸಬ್‌ಮರೀನ್‌ನಾಗ ಹೈಡ್ರೈಡ್ ಸಿಲಿಂಡರ್ (ಹಿಂಗ ಲೋಹದಾಗ ಹೈಡ್ರೋಜನ್ ತುಂಬಿದ್ದು) ಅದಾವ, ಅಲ್ಲಿ ತೂಕ ತೊಂದ್ರಿ ಅಲ್ಲ.

ನೀವೂ ಮಾಡೋರಿದ್ರ ಕಿಟಕಿ ತಗದಿಡ್ರಿ, ಗಾಳ್ಯಾಗ 4 ಪರ್ಸೆಂಟ್ ಹೈಡ್ರೋಜನ್ ಇದ್ರ ಕಿಡಿ ಸಾಕು. ಕೆಲ್ಸಾ ಮುಗದ ಮ್ಯಾಲ ಟ್ಯೂಬು ಸೀದಾ ಬಿಚ್ಚಬ್ಯಾಡ್ರಿ, ಆಕ್ಟಿವೇಟ್ ಆದ ಹಿಟ್ಟು ಗಾಳಿ ತಾಗಿದ್ರ ತಾನ ಹೊತ್ತಬಹುದು, ಯಾವುದರ ಜೋಡೀನೂ ಕೂಡದ ಆರ್ಗಾನ್ ಗ್ಯಾಸ್ ತುಂಬಿ ಆಮ್ಯಾಲ ಗಾಳಿನ್ನ ಸಾವಕಾಶ ಬಿಡ್ರಿ.